ಸ್ಪಷ್ಟನೆ: ಜೋರು ಉರೀಲಿ ಕೆಂಪಗೆ ಮಾಡಿದ್ರೆ ಮಾಂಸದ ರಸ ‘ಲಾಕ್’ ಆಗಲ್ಲ

ನಮ್ಮ ಮೈಸೂರು ಗ್ರೂಪ್‌ಗಳಲ್ಲಿ ಒಂದು ಫಾರ್ವರ್ಡ್ ಓಡಾಡ್ತಿದೆ, ಸ್ಟೇಕ್ (ದಪ್ಪ ಮಾಂಸದ ತುಂಡು) ಪೀಸನ್ನ ಜೋರು ಉರೀಲಿ ಎರಡೂ ಕಡೆ ಕೆಂಪಗೆ ಮಾಡಿದ್ರೆ ರಸ ಒಳಗೇ ಲಾಕ್ ಆಗುತ್ತೆ, ಆಲೂಗಡ್ಡೆನೂ ಜೊತೆಗೇ ಹಾಕಿ, 10 ನಿಮಿಷದಲ್ಲಿ ಒಂದೇ ಪ್ಯಾನಲ್ಲಿ ಊಟ ರೆಡಿ ಅಂತ. ಎರಡೂ ತಪ್ಪು ಕಣ್ರೀ.

ಈ ಲಾಕ್ ಕಥೆ 19ನೇ ಶತಮಾನದ ಜರ್ಮನಿ ಕೆಮಿಸ್ಟ್ ಲೀಬಿಗ್ ಕಾಲದ್ದು, ಆಮೇಲೆ ಮಾಂಸನ ಬೇಯಿಸೋಕೆ ಮುಂಚೆ, ಬೆಂದ್ಮೇಲೆ ತೂಕ ಹಾಕಿ ನೋಡಿದೋರು ಅದು ಸುಳ್ಳು ಅಂತ ತೋರ್ಸಿದ್ದಾರೆ. ಕೆಂಪಗಾದ ಮೇಲೂ ಪ್ಯಾನ್ ಚರ್ರ್ ಅಂತಾನೇ ಇರುತ್ತಲ್ಲ, ಅದು ಆಚೆ ಬರ್ತಿರೋ ನೀರೇ. ಕೆಂಪು ಮಾಡೋದು ರುಚಿಗೆ, ಘಮಕ್ಕೆ, ಅದಕ್ಕೆ ಮೇಲ್ಭಾಗ ಸುಮಾರು 140 ಡಿಗ್ರಿ ದಾಟ್ಬೇಕು, ಹಂಗಾಗಿ ಪೀಸನ್ನ ಚೆನ್ನಾಗಿ ಒರೆಸಿ ಹಾಕಿ, ಒದ್ದೆ ಇದ್ರೆ ಬರೀ ಬೇಯುತ್ತೆ ಅಷ್ಟೇ. ರಸ ಉಳಿಯೋದು ಒಳಗೆ ಜಾಸ್ತಿ ಬೇಯದೆ ಇದ್ರೆ ಮಾತ್ರ.

ಆಲೂಗಡ್ಡೆ ಮೊದ್ಲು. ಅರ್ಧ ಇಂಚು ತುಂಡು ಮಾಡಿ, ಎಣ್ಣೆ ಹಾಕಿ ಮುಚ್ಚಿ ಸಣ್ಣ ಉರೀಲಿ 15-20 ನಿಮಿಷ, ಬೆಂದ್ಮೇಲೆ ತಟ್ಟೆಗೆ ತೆಗೆದು ಅದೇ ಪ್ಯಾನ್ ಚೆನ್ನಾಗಿ ಕಾಯ್ಸಿ ಮಾಂಸ ಹಾಕಿ. ಬನ್ನೂರು ಕುರಿ ಚಾಪ್ಸಿಗೂ ಇದೇ ಲೆಕ್ಕ (ಅದೇ ಇನ್ನೂ ಚೆನ್ನಾಗಿ ಬರುತ್ತೆ ಅಂತೀನಿ ನಾನು), ಕೊಬ್ಬು ಬಿಟ್ಕೊಳ್ಳುತ್ತೆ, ಮಾಂಸನ 5 ನಿಮಿಷ ಪಕ್ಕಕ್ಕಿಟ್ಟು ಆಲೂಗಡ್ಡೆನ ಆ ಕೊಬ್ಬಲ್ಲೇ ಮತ್ತೆ ಹೊರಳಾಡ್ಸಿ, ಉಪ್ಪು ಮೆಣಸು ಸಾಕು, ಮಸಾಲೆ ಪುಡಿ ಸುರಿಬೇಡಿ.