ಇತಿಹಾಸ ನಿಮಗೆ, ಜಾಗ ಅವರಿಗೆ

2017ರಲ್ಲಿ ಲಂಡನ್ನಿನ ಎಎಫ್‌ಸಿ ವಿಂಬಲ್ಡನ್ ಫುಟ್‌ಬಾಲ್ ಕ್ಲಬ್ಬು ಒಂದು ಘೋರ ಅಪರಾಧ ಎಸಗಿತು. ತನ್ನ ಮೈದಾನಕ್ಕೆ ಆಡಲು ಬಂದ ಮಿಲ್ಟನ್ ಕೀನ್ಸ್ ಡಾನ್ಸ್ ತಂಡದ ಹೆಸರನ್ನು ಸ್ಕೋರ್‌ಬೋರ್ಡಿನಲ್ಲಿ ಹಾಕುವಾಗ 'ಡಾನ್ಸ್' ಎಂಬ ಬಾಲವನ್ನು ಬಿಟ್ಟುಬಿಟ್ಟಿತು. ಲೀಗ್ ಆಡಳಿತ ಇದನ್ನು ಸಹಿಸಲಿಲ್ಲ. ಅತಿಥಿಯ ಹೆಸರನ್ನು ಸರಿಯಾಗಿ ನಮೂದಿಸಲಿಲ್ಲವೆಂದು ಕ್ಲಬ್ಬಿನ ಮೇಲೆ ಆರೋಪ ಹೊರಿಸಿತು. ಹೆಸರಿನ ಮರ್ಯಾದೆ ಕಾಯಲು ಇಷ್ಟು ಶ್ರದ್ಧೆಯುಳ್ಳವರು ಇರುವುದು ಆಟದ ಭಾಗ್ಯವೇ ಸರಿ. ಆ 'ಡಾನ್ಸ್' ಮೂಲತಃ ಯಾರ ಅಡ್ಡಹೆಸರಾಗಿತ್ತು ಎಂಬ ಸಣ್ಣ ವಿಚಾರವನ್ನು ಪಕ್ಕಕ್ಕಿಟ್ಟರಾಯಿತು.

1889ರಲ್ಲಿ ಹುಟ್ಟಿ, 1977ರಲ್ಲಷ್ಟೇ ಇಂಗ್ಲೆಂಡಿನ ವೃತ್ತಿಪರ ಫುಟ್‌ಬಾಲ್ ಲೀಗಿನ ಬಾಗಿಲು ದಾಟಿ, 1988ರಲ್ಲಿ ಲಿವರ್‌ಪೂಲನ್ನು 1–0ರಿಂದ ಮಣಿಸಿ ಅಲ್ಲಿನ ಪ್ರತಿಷ್ಠಿತ ಎಫ್‌ಎ ಕಪ್ ಎತ್ತಿದ ಬಡಾವಣೆಯ ಕ್ಲಬ್ಬು ವಿಂಬಲ್ಡನ್; 'ಡಾನ್ಸ್' ಎಂಬುದು ಅದರ ಅಡ್ಡಹೆಸರು. 1991ರಲ್ಲಿ ಸ್ವಂತ ಮೈದಾನ ಬಿಟ್ಟು ಬೇರೆ ಕ್ಲಬ್ಬಿನ ಅಂಗಳದಲ್ಲಿ ಬಾಡಿಗೆಗಿದ್ದ ಅದನ್ನು, ಸುಮಾರು 90 ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್ ಎಂಬ ಊರಿಗೆ ಸಾಗಿಸಬೇಕೆಂದು ಮಾಲೀಕರಿಗೆ ತೋಚಿತು. ಲೀಗ್ ಮೊದಲು ಒಪ್ಪಲಿಲ್ಲ. ಕೊನೆಗೆ ಮೂವರ ಸಮಿತಿಯೊಂದು ಕೂತು 2002ರ ಮೇ ತಿಂಗಳಲ್ಲಿ 2–1ರ ಬಹುಮತದಿಂದ ಅನುಮತಿ ನೀಡಿತು. ಇದ್ದಲ್ಲಿಯೇ ಅಭಿಮಾನಿಗಳು ಹೊಸ ಕ್ಲಬ್ಬು ಕಟ್ಟಿಕೊಳ್ಳುವುದು ಫುಟ್‌ಬಾಲಿನ ವಿಶಾಲ ಹಿತಕ್ಕೆ ಒಳ್ಳೆಯದಲ್ಲವೆಂಬ ಹಿತವಚನವನ್ನೂ ದಯಪಾಲಿಸಿತು.

ಆ ವಿಶಾಲ ಹಿತ ಎಷ್ಟು ವಿಶಾಲವಾಗಿತ್ತೆಂದರೆ, 2003ರಲ್ಲಿ ಮಿಲ್ಟನ್ ಕೀನ್ಸಿಗೆ ಬಂದಿಳಿದ ಕ್ಲಬ್ಬಿಗೆ ಅಲ್ಲಿ ಆಡಲು ಸಿಕ್ಕಿದ್ದು ಹಾಕಿ ಕ್ರೀಡಾಂಗಣ. ಫುಟ್‌ಬಾಲನ್ನು ಉದ್ಧರಿಸಲು ಹೊರಟವರು ಹಾಕಿಯ ಮನೆಯಲ್ಲಿ ಬಿಡಾರ ಹೂಡಿದ್ದನ್ನು ಸರ್ವಕ್ರೀಡಾ ಸಮನ್ವಯವೆಂದು ಯಾರೂ ಕೊಂಡಾಡಲಿಲ್ಲವೆಂಬುದು ನನಗೆ ಇಂದಿಗೂ ಬೇಸರದ ಸಂಗತಿ. ಒಂದು ಈಜುಕೊಳವೂ ಖಾಲಿಯಿದ್ದಿದ್ದರೆ ಅಭ್ಯಾಸ ಪಂದ್ಯಗಳನ್ನು ಅಲ್ಲಿಯೇ ನಡೆಸಬಹುದಿತ್ತು.

ಅಭಿಮಾನಿಗಳು ಹಿತವಚನ ಕೇಳಲಿಲ್ಲ. ವಿಂಬಲ್ಡನ್ ಕಾಮನ್ ಎಂಬ ಬಯಲಿನಲ್ಲಿ, ಬಂದವರನ್ನೆಲ್ಲ ಆಡಿಸಿ ನೋಡಿ ತಂಡ ಆರಿಸಿ ಎಎಫ್‌ಸಿ ವಿಂಬಲ್ಡನ್ ಕಟ್ಟಿದರು; ಒಂಬತ್ತನೆಯ ದರ್ಜೆಯಿಂದ ಶುರುಮಾಡಿ 9 ಋತುಗಳಲ್ಲಿ 5 ಬಡ್ತಿ ಪಡೆದು 2011ರಲ್ಲಿ ಫುಟ್‌ಬಾಲ್ ಲೀಗಿಗೆ ಬಂದರು. ಅತ್ತ ಮಿಲ್ಟನ್ ಕೀನ್ಸಿನವರು 2004ರಲ್ಲಿ ಮಿಲ್ಟನ್ ಕೀನ್ಸ್ ಡಾನ್ಸ್ ಎಂದು ಹೆಸರು ಬದಲಿಸಿಕೊಂಡು, 2007ರಲ್ಲಿ ಹಳೆಯ ಟ್ರೋಫಿಗಳನ್ನು ವಿಂಬಲ್ಡನ್ ಇರುವ ಮರ್ಟನ್ ಆಡಳಿತಕ್ಕೆ ಮರಳಿಸಿದರು; ತಾವು ಹುಟ್ಟಿದ್ದೇ 2004ರಲ್ಲಿ ಎಂದು ಒಪ್ಪಿಕೊಂಡರು. ನವಜಾತ ಶಿಶು ಮಾತ್ರ ಕಣ್ಣುಬಿಟ್ಟದ್ದು ನೇರ ಮೂರನೆಯ ದರ್ಜೆಯಲ್ಲಿ! 1889ರ ವಾರಸುದಾರರು ಅದೇ ಹೊತ್ತಿಗೆ ಕೆಳಗಿನ ಮೆಟ್ಟಿಲುಗಳಲ್ಲಿ ಬೆವರು ಸುರಿಸುತ್ತಿದ್ದರು. ಕಪ್ಪು, ನೆನಪು, ಇಸವಿ ಎಲ್ಲವನ್ನೂ ಹಿಂದಿರುಗಿಸಬಹುದು, ಲೀಗಿನ ಸ್ಥಾನವೊಂದನ್ನು ಬಿಟ್ಟು.

ಇದನ್ನು ನಗುತ್ತಲೇ ಬರೆಯಬೇಕೆಂದಿದ್ದೆ, ಸಾಕಾಯಿತು. ನೂರಕ್ಕೂ ಹೆಚ್ಚು ವರ್ಷ ಒಂದು ಬಡಾವಣೆಯ ಜನ ಟಿಕೆಟ್ ಕೊಂಡು, ಮಳೆಯಲ್ಲಿ ನಿಂತು, ಮಕ್ಕಳನ್ನೂ ಕರೆತಂದು ಉಳಿಸಿಕೊಂಡದ್ದನ್ನು ಇಬ್ಬರ ಮತ ಎತ್ತಿ ಬೇರೆ ಊರಿಗೆ ಕೊಟ್ಟಿತು. 2020ರಲ್ಲಿ ತಮ್ಮ ಹಳೆಯ ಪ್ಲೌ ಲೇನ್ ರಸ್ತೆಯಲ್ಲಿಯೇ ಹೊಸ ಕ್ರೀಡಾಂಗಣ ಎಬ್ಬಿಸಲು ಬಾಂಡ್‌ಗಳ ಮೂಲಕ ಹಣ ಹಾಕಿದವರೂ ಮತ್ತೆ ಅದೇ ಅಭಿಮಾನಿಗಳು. ಅಂಥವರನ್ನು ಹಿಡಿದು, ಸ್ಕೋರ್‌ಬೋರ್ಡಿನಲ್ಲಿ ಒಂದು ಪದ ಬಿಟ್ಟಿರೇಕೆ ಎಂದು ಕೇಳಲು ಎಂಥ ಮುಖ ಬೇಕು?