ಸತ್ಯಾಂಶ: ವಾಚ್ ತೋರಿಸುವ ವಿಒ2 ಮ್ಯಾಕ್ಸ್ ಅಳತೆಯಲ್ಲ, ಅಂದಾಜು

"ಕೈಗೆ ಕಟ್ಟಿದ ವಾಚೇ ವಿಒ2 ಮ್ಯಾಕ್ಸ್ ಅಳೆಯುತ್ತದೆ, ಲ್ಯಾಬ್ ಪರೀಕ್ಷೆ ದುಡ್ಡು ದಂಡ" ಎಂಬ ಸಂದೇಶ ಓಟಗಾರರ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ವಿಒ2 ಮ್ಯಾಕ್ಸ್ ಎಂದರೆ ಪೂರ್ತಿ ಶ್ರಮದಲ್ಲಿ ದೇಹ ನಿಮಿಷಕ್ಕೆ ಬಳಸಬಲ್ಲ ಗರಿಷ್ಠ ಆಮ್ಲಜನಕ.

ವಾಚ್ ಉಸಿರಿನ ಆಮ್ಲಜನಕವನ್ನು ಅಳೆಯುವುದೇ ಇಲ್ಲ. ಓಟದ ವೇಗಕ್ಕೆ ಹೃದಯ ಬಡಿತ ಎಷ್ಟಿದೆ ಎಂದು ನೋಡಿ ಲೆಕ್ಕ ಹಾಕುತ್ತದೆ. ಅದಕ್ಕೆ ಕೊಟ್ಟ ಗರಿಷ್ಠ ಬಡಿತ '220ರಿಂದ ವಯಸ್ಸು ಕಳೆ' ಸೂತ್ರದ್ದಾದರೆ, ಹತ್ತು ಬಡಿತಗಳಷ್ಟು ತಪ್ಪು ಅಪರೂಪವೇನಲ್ಲ. ಸೆಕೆಯಲ್ಲಿ ಬಡಿತ ಏರಿದರೂ ಸಾಕು, ಫಿಟ್‌ನೆಸ್ ಕುಸಿದಂತೆ ಕಾಣಬಹುದು.

ಲ್ಯಾಬ್‌ನಲ್ಲಿ ಮಾಸ್ಕ್ ತೊಡಿಸಿ, ಉಸಿರಿನ ಪ್ರಮಾಣವನ್ನೂ ಅದರಲ್ಲಿರುವ ಆಮ್ಲಜನಕ, ಇಂಗಾಲದ ಡೈಆಕ್ಸೈಡ್‌ಗಳನ್ನೂ ಅಳೆಯುತ್ತಾರೆ. ಅದಕ್ಕೂ ಮೊದಲು 3 ಲೀಟರ್ ಸಿರಿಂಜ್‌ನಿಂದ ಹರಿವಿನ ಮಾಪಕವನ್ನು, ಘಟಕಗಳ ಪ್ರಮಾಣ ಗೊತ್ತಿರುವ ಅನಿಲ ಮಿಶ್ರಣದಿಂದ ಅನಿಲ ವಿಶ್ಲೇಷಕವನ್ನು ಸರಿಹೊಂದಿಸಬೇಕು. ಇದನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ಆಮೇಲೆ ಟ್ರೆಡ್‌ಮಿಲ್‌ನ ವೇಗವನ್ನೋ ಏರನ್ನೋ ಹೆಚ್ಚಿಸುತ್ತಾ, ಸುಮಾರು 8ರಿಂದ 12 ನಿಮಿಷದಲ್ಲಿ ಪೂರ್ತಿ ದಣಿಯುವಂತೆ ಓಡಿಸುತ್ತಾರೆ. ಶ್ರಮ ಹೆಚ್ಚಿದರೂ ಆಮ್ಲಜನಕದ ಬಳಕೆ ಏರದೆ ನಿಂತರೆ ಅದೇ ಗರಿಷ್ಠ. ಎಲ್ಲರಲ್ಲೂ ಹಾಗೆ ನಿಲ್ಲುವುದಿಲ್ಲ. ಆಗ ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಮತ್ತು ಬಳಸಿದ ಆಮ್ಲಜನಕದ ಅನುಪಾತ 1.10 ದಾಟಿತೇ ಎಂದು ನೋಡುವುದು ರೂಢಿ.

ಲ್ಯಾಬ್ ಅಂಕಿಯೂ ಕೆಡಬಹುದು. ಮೂಗಿನ ಸೇತುವೆಯ ಬಳಿ ಮಾಸ್ಕ್ ಸೋರಿದರೆ ಅಂಕಿ ಕಡಿಮೆ ಬರುತ್ತದೆ. ಒಂದೇ ಉಸಿರಿನ ಗರಿಷ್ಠವನ್ನು ಹಿಡಿದರೆ ಹೆಚ್ಚು ಬರುತ್ತದೆ. 30 ಸೆಕೆಂಡ್ ಸರಾಸರಿಯನ್ನೇ ಕೇಳಿ ಪಡೆಯಿರಿ. ಸೈಕಲ್ ಪಟುವನ್ನು ಸೈಕಲ್ ಮೇಲೆಯೇ ಪರೀಕ್ಷಿಸಬೇಕು.

ಹಾಗೆಂದು ವಾಚ್ ಬಿಸಾಡಬೇಕಿಲ್ಲ. ತಿಂಗಳುಗಟ್ಟಲೆ ಅಂಕಿ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯಲು ಅದು ಸಾಕು.