ಗ್ಲಾಸಿನ ಹಿಂದೆ ನಿಂತ ಹಾಲು

ಮಗಳ ಇಂಗ್ಲಿಷ್ ನೋಟ್‌ಬುಕ್ಕಿನಲ್ಲಿ ಎರಡು ಕೆಂಪು ಗೀಟು ಬಿದ್ದಿದ್ದವು. ಒಂದು ‘ರೆಡ್ ಬಿಗ್ ಬಾಲ್’ಗೆ. ಟೀಚರ್ ಅದನ್ನು ‘ಬಿಗ್ ರೆಡ್ ಬಾಲ್’ ಮಾಡಿದ್ದರು. “ಯಾಕಪ್ಪಾ? ಚೆಂಡು ಅದೇ ಅಲ್ವಾ?” ಎಂದಳು.

ಚೆಂಡೇನೋ ಅದೇ. ಆದರೆ ಇಂಗ್ಲಿಷಿನ ಅಡ್ಜೆಕ್ಟಿವ್‌ಗಳು, ಅಂದರೆ ವಿಶೇಷಣಗಳು, ಕ್ಯೂ ತಪ್ಪುವಂತಿಲ್ಲ. ಚೆಂದವೋ ಕೆಟ್ಟದ್ದೋ ಎಂಬ ನಮ್ಮ ಅಭಿಪ್ರಾಯ ಮೊದಲು. ಆಮೇಲೆ ಗಾತ್ರ, ವಯಸ್ಸು, ಆಕಾರ, ಬಣ್ಣ, ಊರು, ಕೊನೆಗೆ ಯಾವುದರಿಂದ ಮಾಡಿದ್ದು ಅನ್ನೋದು. ಕನ್ನಡದಲ್ಲೂ ‘ದೊಡ್ಡ ಕೆಂಪು ಚೆಂಡು’ ಅನ್ನೋದೇ ಬಾಯಿಗೆ ಸಲೀಸು. ಆದರೆ ತಿರುಗಿಸಿ ಹೇಳಿದರೆ ಯಾರೂ ಗೀಟು ಹಾಕುವುದಿಲ್ಲ. ‘ದ ಲಾರ್ಡ್ ಆಫ್ ದ ರಿಂಗ್ಸ್’ ಬರೆದ ಟೋಲ್ಕಿನ್ ಸುಮಾರು ಏಳು ವರ್ಷದವನಿದ್ದಾಗ ಒಂದು ಕಥೆಯಲ್ಲಿ ‘ಗ್ರೀನ್ ಗ್ರೇಟ್ ಡ್ರ್ಯಾಗನ್’ ಎಂದು ಬರೆದಿದ್ದನಂತೆ. ಅಮ್ಮ ‘ಗ್ರೇಟ್ ಗ್ರೀನ್’ ಅನ್ನಬೇಕು ಎಂದು ತಿದ್ದಿದಳು. ಯಾಕೆ ಅಂತ ಆಗಲೂ ಹೊಳೆಯಲಿಲ್ಲ, ಈಗಲೂ ಹೊಳೆದಿಲ್ಲ ಎಂದು 1955ರ ಪತ್ರವೊಂದರಲ್ಲಿ ಬರೆದ. ಆಗ ಅವನು ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಪ್ರೊಫೆಸರ್! ಮಗಳಿಗೆ ಸಮಾಧಾನವಾಯಿತು. ನನಗೂ.

ಎರಡನೇ ಗೀಟು ಮಜವಾಗಿತ್ತು. ‘ಹಾಲು ತುಂಬಿದ ಲೋಟ’ವನ್ನು ಅವಳು ‘ಫುಲ್ ಆಫ್ ಮಿಲ್ಕ್ ಗ್ಲಾಸ್’ ಮಾಡಿದ್ದಳು. ಪಾಪ, ಕನ್ನಡದ ಹುಡುಗಿ ಇನ್ನೇನು ಮಾಡಿಯಾಳು? ‘ಫುಲ್ ಗ್ಲಾಸ್’ ಸರಿ. ಆದರೆ ಆ ಫುಲ್ ಜೊತೆ ಹಾಲು ಸೇರಿತೋ, ಅದು ಅಡ್ಜೆಕ್ಟಿವ್ ಫ್ರೇಸ್, ವಿಶೇಷಣದ ಪದಗುಚ್ಛ. ಆಗ ಇಬ್ಬರೂ ಎದ್ದು ಹೋಗಿ ಗ್ಲಾಸಿನ ಹಿಂದೆ ನಿಲ್ಲಬೇಕು: ‘ಗ್ಲಾಸ್ ಫುಲ್ ಆಫ್ ಮಿಲ್ಕ್’. ಕೆಲವು ಪದಗಳಂತೂ ಒಂಟಿಯಾಗಿಯೇ ಜಾಗ ಬದಲಿಸಿ ಅರ್ಥ ಕೆಡಿಸುತ್ತವೆ. ‘ಪ್ರೆಸೆಂಟ್ ಮೆಂಬರ್ಸ್’ ಅಂದರೆ ಈಗಿನ ಸದಸ್ಯರು. ‘ಮೆಂಬರ್ಸ್ ಪ್ರೆಸೆಂಟ್’ ಅಂದರೆ ಮೀಟಿಂಗಿಗೆ ಬಂದವರು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೊದಲನೆಯವರು ಜಾಸ್ತಿ, ಎರಡನೆಯವರು ನಾಲ್ಕೇ ಜನ.

ಕನ್ನಡದಲ್ಲಿ ವಿಶೇಷಣ ಎಷ್ಟೇ ಉದ್ದವಿರಲಿ, ಮುಂದೆಯೇ. ನಾಮಪದ ಸುಮ್ನೆ ಕಾಯಬೇಕು. ಊರಿನ ಸಮಾರಂಭದ ಸ್ವಾಗತ ಭಾಷಣ ಕೇಳಿ: ‘ನಮ್ಮೂರಲ್ಲೇ ಹುಟ್ಟಿ, ಇಲ್ಲಿನ ಶಾಲೆಯಲ್ಲೇ ಓದಿ, ಎರಡು ಬಾರಿ ಅಧ್ಯಕ್ಷರಾಗಿ, ಕೆರೆಯ ಹೂಳು ತೆಗೆಸಿದಂಥ, ಸರಳ ಸಜ್ಜನಿಕೆಗೆ ಹೆಸರಾದಂಥ…’ ಹೆಸರಿನ್ನೂ ಬಂದಿಲ್ಲ. ವೇದಿಕೆಯಲ್ಲಿ ಒಬ್ಬರು ‘ಅಂಥ’ ಬಂದಾಗಲೆಲ್ಲ ಕುರ್ಚಿಯಿಂದ ಅರ್ಧ ಏಳುತ್ತಾರೆ, ಶಾಲು ಸರಿಮಾಡಿಕೊಂಡು ಮತ್ತೆ ಕೂರುತ್ತಾರೆ. ಒಮ್ಮೆ ಹೀಗೆ ಮೂರು ಸಲ ಎದ್ದು ಕೂತವರೊಬ್ಬರನ್ನು ಕಂಡಿದ್ದೇನೆ. ಕೊನೆಗೆ ಬಂದದ್ದು ಪಕ್ಕದವರ ಹೆಸರು. ಇಂಗ್ಲಿಷಿನಲ್ಲಾಗಿದ್ದರೆ ಹೆಸರು ಮೊದಲೇ ಬಿದ್ದು, ಅವರು ನೆಮ್ಮದಿಯಾಗಿ ಕೂತಿರುತ್ತಿದ್ದರು.

“ಹಾಗಾದ್ರೆ ‘ಹಾಟ್ ಹಾಟ್ ಕಾಫಿ’ನೂ ತಪ್ಪಾ?” ಎಂದಳು ಮಗಳು.

“ಪರೀಕ್ಷೆಯಲ್ಲಿ ತಪ್ಪು. ಒಂದೇ ಹಾಟ್ ಸಾಕು.”

ಅಷ್ಟರಲ್ಲಿ ಒಳಗಿನಿಂದ ಕಾಫಿ ಬಂತು. ಗುಟುಕರಿಸಿ ನೋಡಿದೆ. ನಾನು ಹೇಳಿದ ಹಾಗೇ ಇತ್ತು, ಬರೀ ಹಾಟ್.